ಬಲಗಡೆಯ ಮೂರನೇ ಮನೆ

ಸತ್ತವಳ ಬಗ್ಗೆ ಕೇಳಬೇಕಾದ್ದನ್ನೆಲ್ಲ ಮೆಡಿಕಲ್ ಕಾಲೇಜಿನಿಂದ ಬಂದ ರಕ್ಷಾ ಕೇಳಿ ಮುಗಿಸಿದ್ದಳು. ಈಗ ಅವಳಿಗೆ ಬದುಕಿರುವ ಒಬ್ಬಳು ಬೇಕಾಗಿತ್ತು.

"ಇದೇ ರಸ್ತೇಲಿ, ದಿವ್ಯ ವಯಸ್ಸಿನ, ಆರೋಗ್ಯವಾಗಿರೋ ಹುಡುಗಿ ಒಬ್ರು ಬೇಕು ಸಾರ್. ನಿಮ್ಮ ಗೇಟಿಂದ ಬಲಗಡೆಗೆ ಹೋಗ್ತಾ ಮೊದಲು ಸಿಕ್ಕೋರು. ಆರಿಸೋ ಹಾಗಿಲ್ಲ."

ಕಾಂತರಾಜು ದಾರಿ ತೋರಿಸಲು ತಾನೇ ಹೊರಟ. ಚಂದ್ರಾ ಲೇಔಟಿನಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಹೊಸಹಳ್ಳಿಯ ಈ ಮನೆಯ ತಾರಸಿಯಲ್ಲಿ ರೇಸ್ ಪಾರಿವಾಳಗಳ ಗೂಡು. ಅದು ಅವನ ಇಪ್ಪತ್ತು ವರ್ಷದ ಹುಚ್ಚು. ಒಬ್ಬಳೇ ಮಗಳು ದಿವ್ಯ ಯುಗಾದಿಗೆ ಮುಂಚೆ ತೀರಿಕೊಂಡಿದ್ದಳು. ಶ್ವಾಸಕೋಶ ಗಟ್ಟಿಯಾಗುತ್ತ ಬಂದು, ಕೊನೆಕೊನೆಗೆ ಒಂದು ವಾಕ್ಯ ಮುಗಿಸಲು ಅವಳು ಎರಡು ಸಲ ನಿಲ್ಲಬೇಕಾಗಿತ್ತು. ಪಾರಿವಾಳದ ಹಿಕ್ಕೆಯ ಧೂಳಿನಿಂದ ಹೀಗಾಗಬಹುದು ಎಂದು ಡಾಕ್ಟರು ಹೇಳಿದ್ದರು. ಆಗಬಹುದು ಎಂದಿದ್ದರೇ ಹೊರತು ಆಯಿತು ಎಂದಿರಲಿಲ್ಲ. ಅಂದಿನಿಂದ ಹೆಂಡತಿ ವರಲಕ್ಷ್ಮಿ ಅವನನ್ನು ಒಂದು ಮಾತೂ ಬೈದಿಲ್ಲ. ಊಟ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ಬಟ್ಟೆ ಒಣಗಿಸುವುದಕ್ಕೂ ತಾರಸಿ ಹತ್ತುವುದಿಲ್ಲ.

ಆಗ ಬಂದದ್ದು ಮೆಡಿಕಲ್ ಕಾಲೇಜಿನ ಫೋನು. ಈ ಕಾಯಿಲೆ ಬಂದ ಅರವತ್ತು ಜನರನ್ನು, ಅವರದೇ ರಸ್ತೆಯ ಆರೋಗ್ಯವಂತ ಅರವತ್ತು ಜನರ ಜೊತೆ ಜೋಡಿ ಮಾಡಿ, ಹಕ್ಕಿಗಳ ಸಹವಾಸ ಯಾರಿಗೆ ಹೆಚ್ಚಿತ್ತು ಎಂದು ಹೋಲಿಸಿ ನೋಡುತ್ತಾರಂತೆ. ಕಾಂತರಾಜು ತಕ್ಷಣ ಒಪ್ಪಿದ್ದ. ವರಲಕ್ಷ್ಮಿಯ ಮುಂದೆ ಇಡಲು ಅವನಿಗೆ ಒಂದು ಉತ್ತರ ಬೇಕಾಗಿತ್ತು.

ಮೊದಲನೇ ಮನೆಯಲ್ಲಿ ಬರೀ ಗಂಡುಮಕ್ಕಳು. ಎರಡನೇ ಮನೆಯ ಗೇಟಿನೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಕ ಕೆಂಪಯ್ಯ ಕೂತಿದ್ದ.

"ಇಪ್ಪತ್ನಾಲ್ಕು ವರ್ಷದ ಹುಡ್ಗೀನಾ? ಯಾರ್ ಕಡೆ ಗಂಡಪ್ಪಾ? ಬ್ರೋಕರ್ ಕೆಲ್ಸ ಯಾವಾಗ ಶುರು ಮಾಡ್ದೆ ಕಾಂತ?" ಎಂದು ನಕ್ಕವನು, ಯಾರನ್ನು ಕೇಳುತ್ತಿದ್ದೇನೆಂದು ಹೊಳೆದು ಬಾಯಿ ಮುಚ್ಚಿದ. "ನಮ್ಮನೇಲಿ ಯಾರೂ ಇಲ್ಲ ಕಣಮ್ಮ," ಎಂದ ನೆಲ ನೋಡುತ್ತ.

ಮೂರನೇ ಮನೆ ಹೇಮಶ್ರೀಯದು. ದಿವ್ಯಳ ಗೆಳತಿ, ಅವಳದೇ ವಯಸ್ಸು. ಕಾಂತರಾಜುವಿನ ಎದೆ ಹಗುರಾಯಿತು. ದಿನಾ ಸಂಜೆ ಅವಳೂ ಗೂಡಿನ ಹತ್ತಿರವೇ ಇರುತ್ತಿದ್ದಳು. ಕೈಮೇಲೆ, ಹೆಗಲಮೇಲೆ ಹಕ್ಕಿ ಕೂರಿಸಿಕೊಂಡು ಫೋಟೊ ತೆಗೆಸಿಕೊಂಡವಳು. ಅವಳಿಗೊಂದು ಕೆಮ್ಮೂ ಇಲ್ಲ. ಪಾರಿವಾಳಗಳ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿದ್ದಾರೆ?

ರಕ್ಷಾ ಅವನನ್ನು ಹೊರಗೇ ಇರಲು ಹೇಳಿ ಒಳಗೆ ಹೋದಳು. ತೆರೆದ ಕಿಟಕಿಯಿಂದ ಮಾತು ಕೇಳಿಸುತ್ತಿತ್ತು.

"ಅವಳು ಗೂಡು ಗುಡಿಸೋಳು, ನಾನು ಕಾಳು ಹಾಕೋಳು. ಒಂದೊಂದ್ ದಿನ ಉಲ್ಟಾ."

"ಎಷ್ಟು ವರ್ಷ?"

"ಪಿಯುಸಿಯಿಂದ. ಅವಳು ಆಸ್ಪತ್ರೆ ಸೇರೋ ತನಕ." ಆಮೇಲೆ ಅಳು ಕೇಳಿಸಿತು.

ರಕ್ಷಾ ಹೊರಗೆ ಬರುತ್ತಲೇ ಕಾಂತರಾಜು ಎದುರು ಬಂದ. "ನೋಡಿದ್ರಾ? ಹೇಮಾನೂ ಅಲ್ಲೇ ಇದ್ಳು. ಏನೂ ಆಗಿಲ್ಲ. ಅಂದ್ರೆ ಹಕ್ಕಿಯಿಂದ ಅಲ್ಲ, ಅಲ್ವಾ?" ಎಂದ.

"ಹಾಗೆ ಹೇಳೋಕಾಗಲ್ಲ ಸಾರ್. ಸಿಗರೇಟ್ ಸೇದೋರಿಗೆಲ್ಲ ಕ್ಯಾನ್ಸರ್ ಬರುತ್ತಾ?"

"ಹಾಗಾದ್ರೆ ಹಕ್ಕಿಯಿಂದಾನೇ?"

"ಅದನ್ನೂ ಹೇಳೋಕಾಗಲ್ಲ." ಅವನು ಬಿಡುವವನಲ್ಲ ಎಂದು ಗೊತ್ತಾಗಿ ನಿಧಾನವಾಗಿ ಹೇಳಿದಳು: "ಜೋಡೀಲಿ ಒಬ್ರಿಗೆ ಹಕ್ಕಿ ಸಹವಾಸ ಇದ್ದು, ಇನ್ನೊಬ್ರಿಗೆ ಇಲ್ದಿದ್ರೆ, ಅಂಥ ಜೋಡಿಗಳಿಂದ ಲೆಕ್ಕ ಹಾಕ್ತೀವಿ. ಇಬ್ರಿಗೂ ಇದ್ರೆ ತಕ್ಕಡಿ ಯಾವ ಕಡೆಗೂ ಬಗ್ಗಲ್ಲ. ಆ ಜೋಡಿನ ಪಕ್ಕಕ್ಕಿಡ್ತೀವಿ."

"ಪಕ್ಕಕ್ಕೆ?"

"ಹೂಂ ಸಾರ್."

"ನಮ್ಮ ಮಗು ಸತ್ತಿದ್ದು ಲೆಕ್ಕಕ್ಕೇ ಬರಲ್ವಾ?"

ಕಾಯಿಲೆಯವರ ಸಂಖ್ಯೆಯಲ್ಲಿ ದಿವ್ಯ ಇದ್ದೇ ಇರುತ್ತಾಳೆ, ಹಕ್ಕಿಯ ಪ್ರಶ್ನೆಗೆ ಮಾತ್ರ ಈ ಜೋಡಿಯಿಂದ ಉತ್ತರ ಸಿಗುವುದಿಲ್ಲ ಎಂದು ರಕ್ಷಾ ಹೇಳುತ್ತಿದ್ದಳು. ಅವನಿಗೆ ಕೇಳಿಸಲಿಲ್ಲ. ಅವನು ಮುಂದಿನ ಗೇಟಿನ ಕಡೆ ಕೈ ತೋರಿಸುತ್ತಿದ್ದ.

"ಅದು ಚನ್ನಕೇಶವ ಅವರ ಮನೆ. ಅವರಿಗೂ ಇದೇ ವಯಸ್ಸಿನ ಮಗಳಿದಾಳೆ. ಹಕ್ಕಿ ಕಂಡ್ರೆ ಕಿರಚ್ತಾಳೆ, ನಮ್ಮನೆ ಮೆಟ್ಲು ಒಂದಿನಾನೂ ಹತ್ತಿಲ್ಲ. ಅವಳನ್ನ ಹಾಕ್ಕೊಳ್ಳಿ."

"ಸಾರ್, ಆಗ ಅದು ನಿಮ್ಮ ಪಾರಿವಾಳಗಳ ಮೇಲೇ ಬರುತ್ತೆ."

"ಬರ್ಲಿ ಕಣಮ್ಮ. ನನ್ನ ಮೇಲೇ ಬರ್ಲಿ. ನನ್ನ ಮಗಳು ಪಕ್ಕಕ್ಕೆ ಬೀಳೋದು ಬೇಡ."

ರಕ್ಷಾಳ ಕಣ್ಣು ತುಂಬಿದವು. ಆದರೂ ಅವಳು ಪೆನ್ನು ತೆಗೆಯಲಿಲ್ಲ. "ನಾನು ಬೇಕಾದೋರನ್ನ ಆರಿಸ್ತಾ ಹೋದ್ರೆ, ಉಳಿದ ಮನೆಯೋರಿಗೆ ಸಿಗೋ ಉತ್ತರಾನೂ ಸುಳ್ಳಾಗುತ್ತೆ ಸಾರ್. ಕ್ಷಮಿಸಿ."

ಅವಳು ಮೆಟ್ರೊ ಕಡೆ ನಡೆದು ಹೋದಳು. ಕಾಂತರಾಜು ಕೆಂಪಯ್ಯನ ಗೇಟು ದಾಟಿ ಮನೆಗೆ ಬಂದ. ವರಲಕ್ಷ್ಮಿ ನಡುಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಏನಂತೆ?"

ದಾರಿಯಲ್ಲಿ ಅವನು ಇದನ್ನೇ ಯೋಚಿಸಿಕೊಂಡು ಬಂದಿದ್ದ. "ಪಾರಿವಾಳದಿಂದಾನೇ ಅಂತೆ," ಎಂದ.

ಅವಳ ಕೈ ನಿಂತಿತು. ಬೈಗುಳಕ್ಕಾಗಿ ಅವನು ಕಾದ. ಅದು ಬಂದರೆ ಸಾಕು ಎಂದುಕೊಂಡ.

"ಹಂಗಾದ್ರೆ ಹೇಮಂಗೆ ಯಾಕೆ ಏನೂ ಆಗಿಲ್ಲ?" ವರಲಕ್ಷ್ಮಿ ತಲೆಯೆತ್ತಿ, ಎಷ್ಟೋ ತಿಂಗಳ ಮೇಲೆ, ಅವನ ಮುಖ ನೋಡಿದಳು. "ಅವಳೂ ಇವಳ ಜೊತೆಗೇ ಇದ್ಳಲ್ಲಾ ರೀ. ಅವ್ರೇನೋ ಅಂದ್ರು ಅಂತ ನೀವು ಮೈಮೇಲೆ ಹಾಕ್ಕೋಬೇಡಿ."

ಕಾಂತರಾಜು ಅವಳ ಎದುರು ಕೂತು ಒಂದು ಹುರುಳಿಕಾಯಿ ಎತ್ತಿಕೊಂಡ. ತಾರಸಿಯ ಮೇಲೆ ಕಾಳಿನ ಹೊತ್ತಾಗಿ ರೆಕ್ಕೆ ಬಡಿಯುವ ಸದ್ದು ಶುರುವಾಯಿತು. ಇಬ್ಬರೂ ಕೂತಲ್ಲಿಂದ ಏಳಲಿಲ್ಲ.