ಕಂಡಕ್ಟರ ಕಾಲಿನ ಅಳತೆ

ಕೃತಕ ಕಾಲು ಮಾಡುವ ವರ್ಕ್‌ಶಾಪಿಗೆ ಕಂಡಕ್ಟರು ಬೆಳಗ್ಗೆ ಎಂಟಕ್ಕೇ ಬಂದು ಕೂತಿದ್ದರು. ಕೂತಿದ್ದರು ಅನ್ನುವುದು ಹೆಸರಿಗೆ ಮಾತ್ರ. ಊರುಗೋಲಿನ ಮೇಲೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಇದ್ದರು. ಹನ್ನೆರಡು ವರ್ಷ ಬಸ್ಸಿನಲ್ಲಿ ನಿಂತು ದುಡಿದ ಕೃತಕ ಎಡಗಾಲು ಹೋದ ತಿಂಗಳು ಸೀಳು ಬಿಟ್ಟಿತ್ತು. ಆಮೇಲೆ ಇಲ್ಲಿ ಒಂದಾದ ಮೇಲೊಂದು ಮಾಡಿಕೊಟ್ಟ ಎರಡು ಕಾಲುಗಳೂ ಚರ್ಮ ಸುಲಿಯುವಂತೆ ಉಜ್ಜಿದ್ದವು. ಸೋಮವಾರ ಡ್ಯೂಟಿಗೆ ಬರದಿದ್ದರೆ ಡಿಪೋದಲ್ಲಿ ಕುರ್ಚಿ ಕೆಲಸಕ್ಕೆ ಹಾಕುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

"ಹಳೇ ಅಳತೇಲೇ ಮಾಡ್ಕೊಡು ತಂಗೀ. ಅಷ್ಟು ಸಾಕು," ಎಂದರು ಕಾಲು ಮಾಡುವವಳಿಗೆ.

ಹಳೆಯ ಅಳತೆ ಇದ್ದದ್ದು ಟೇಪಿನಲ್ಲಿ. ವರ್ಕ್‌ಶಾಪು ಕಟ್ಟಿದ ಅವಳ ಅಣ್ಣ ಪ್ರತಿಯೊಬ್ಬರ ಕಾಲಿನ ಅಚ್ಚನ್ನೂ ಕಂಪ್ಯೂಟರಿಗೆ ಹಾಕಿ, ಅದರ ಪ್ರತಿಯನ್ನು ಕ್ಯಾಸೆಟ್ಟಿನಂಥ ಅಂಗೈಯಗಲದ ಟೇಪುಗಳಲ್ಲಿ ತುಂಬಿಡುತ್ತಿದ್ದ. ಕೈ ನಡುಗತೊಡಗಿದ ಮೇಲೆ ಎಲ್ಲವನ್ನೂ ತಂಗಿಗೆ ಒಪ್ಪಿಸಿ ಮಗಳ ಊರಿಗೆ ಹೋಗಿದ್ದ. "ಹಳೇ ಕಂಪ್ಯೂಟರ್ ಒಂದನ್ನ ಮುಟ್ಟಬೇಡ ಪುಟ್ಟಿ" ಎಂದಿದ್ದ. ನಲವತ್ತು ದಾಟಿದರೂ ಅವನಿಗೆ ಅವಳು ಪುಟ್ಟಿಯೇ. ಪುಟ್ಟಿ ಅದನ್ನು ಗುಜರಿಗೆ ಹಾಕಿ ಹೊಸದು ತಂದಿದ್ದಳು. ಆ ಟೇಪುಗಳನ್ನು ಓದುವ ಟೇಪ್ ಡ್ರೈವಿನ ಕೇಬಲ್ ಸಿಕ್ಕಿಸುವ ಹಳೆಯ ಕಾರ್ಡನ್ನೇನೋ ಬಿಚ್ಚಿ ಹೊಸದರೊಳಗೆ ಕೂರಿಸಿದ್ದಳು. ಆದರೆ ಹೊಸ ಕಂಪ್ಯೂಟರಿಗೆ ಆ ಡ್ರೈವಿನ ಗುರುತೇ ಹತ್ತಲಿಲ್ಲ. ಅಣ್ಣನಿಗೆ ಇದ್ಯಾವುದನ್ನೂ ಹೇಳಿರಲಿಲ್ಲ.

ಪರದೆಯ ಮೇಲಿನ ಪಟ್ಟಿಯಲ್ಲಿ ಕೀಬೋರ್ಡಿತ್ತು, ಪ್ರಿಂಟರಿತ್ತು, ಟೇಪ್ ಡ್ರೈವ್ ಇರಲಿಲ್ಲ. ಕೇಬಲ್ ಕಿತ್ತು ಮತ್ತೆ ಚುಚ್ಚಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು.

"ಡ್ರೈವರ್ ಇಲ್ಲ ಅಂತಿದೆ," ಗೊಣಗಿದಳು.

"ಡ್ರೈವರ್ ಬರದೆ ಗಾಡಿ ಬಿಡೋಕಾಗುತ್ತಾ? ಹುಡುಕು, ಎಲ್ಲೋ ಟೀ ಕುಡೀತಿರ್ತಾನೆ," ಎಂದರು ಕಂಡಕ್ಟರು.

ಬೇಕಾದ ಆ ಡ್ರೈವರ್ ತಂತ್ರಾಂಶವನ್ನು ಹುಡುಕಿ ಹಾಕಿದ್ದಾಯಿತು. ಈಗ ಡ್ರೈವಿನ ಹೆಸರು ಪಟ್ಟಿಯಲ್ಲಿ ಮೂಡಿತು; ಕೈ ಇಡುವಷ್ಟರಲ್ಲಿ ಮಾಯವಾಯಿತು. ಮತ್ತೆ ಮೂಡಿತು, ಮತ್ತೆ ಮಾಯ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕೈ ತೊಳೆದಳು, ಬೇಕಿಲ್ಲದಿದ್ದರೂ ಪ್ಲಾಸ್ಟರ್ ಕಲಸಿದಳು. ಮೂರು ಸಲ ಫೋನು ಎತ್ತಿ ಕೆಳಗಿಟ್ಟಳು.

"ಅಣ್ಣಂಗಾ? ಮಾಡು ಮತ್ತೆ. ಬೈದ್ರೆ ನನ್ ಕೈಗೆ ಕೊಡು, ಬೈಸ್ಕೊಳ್ಳೋದು ನನಗೆ ದಿನದ ಕೆಲಸ," ಎಂದರು ಕಂಡಕ್ಟರು.

ಮಾಡಿದಳು. "ಅಣ್ಣಾ, ಟೇಪ್ ಡ್ರೈವ್ ಒಂದ್ಸಲ ಕಾಣುತ್ತೆ, ಒಂದ್ಸಲ ಇಲ್ಲ. ಹಳೇ ಕಂಪ್ಯೂಟರ್... ಗುಜರಿಗೆ ಹಾಕ್ಬಿಟ್ಟೆ."

ಅಣ್ಣ ಬೈಯಲಿಲ್ಲ.

"ಡ್ರೈವಿನ ಹಿಂದೆ ಎರಡು ಕಿಂಡಿ ಇದ್ಯಲ್ಲ," ಎಂದ. "ಒಂದಕ್ಕೆ ಕೇಬಲ್. ಇನ್ನೊಂದಕ್ಕೇನು ಹಾಕಿದ್ದೀ?"

"ಖಾಲಿ ಇದೆ."

"ಅದಕ್ಕೇ. ಅಲ್ಲೊಂದು ಮುಚ್ಚಳದ ಥರದ್ದು ಇತ್ತು, ಹೆಬ್ಬೆರಳಷ್ಟು. ಅದಿಲ್ಲದಿದ್ರೆ ಕಳಿಸಿದ ಸಂಕೇತ ತುದೀಲಿ ಬಡಿದು ವಾಪಸ್ ಬರುತ್ತೆ. ಕಂಪ್ಯೂಟರಿಗೆ ತಲೆ ಕೆಡುತ್ತೆ."

ಕೆಲಸಕ್ಕೆ ಬಾರದ್ದೆಂದು ಅವಳೇ ಅದನ್ನು ಬೋಲ್ಟುಗಳ ಡಬ್ಬಿಗೆ ಎಸೆದಿದ್ದಳು. ಡಬ್ಬಿಯನ್ನು ನೆಲಕ್ಕೆ ಸುರಿದಳು. ಸಿಕ್ಕಿತು.

"ಮೊದಲು ಡ್ರೈವ್ ಆನ್ ಮಾಡು. ಅದರ ಗುರುಗುರು ನಿಂತ ಮೇಲೆ ಕಂಪ್ಯೂಟರ್."

ಈ ಸಲ ಹೆಸರು ಮೂಡಿದ್ದು ಅಲ್ಲೇ ನಿಂತಿತು. ಟೇಪು ಒಂದು ಗಂಟೆ ಸುತ್ತಿ, ಕಂಡಕ್ಟರ ಕಾಲನ್ನು ಪರದೆಗೆ ತಂದಿತು. ಅಚ್ಚಿನ ಕೆಳಗೆ ಅಣ್ಣನ ಟಿಪ್ಪಣಿ: "ನೋವಾದರೆ ಹೇಳುವವರಲ್ಲ. ತಮಾಷೆ ಮಾಡುತ್ತಿದ್ದರೆ ನೋಯುತ್ತಿದೆ ಎಂದೇ ತಿಳಿಯುವುದು."

ಅವಳು ತಿರುಗಿ ನೋಡಿದಳು. ಗೋಡೆಗೆ ತೂಗುಹಾಕಿದ್ದ ಪ್ಲಾಸ್ಟರ್ ಕಾಲುಗಳಿಗೆ ಕಂಡಕ್ಟರು "ಮುಂದೆ ಹೋಗಿ, ಒಳಗೆ ಜಾಗ ಇದೆ" ಎನ್ನುತ್ತಿದ್ದರು. ಎರಡು ಸಲ ಕಾಲು ತೊಡಿಸಿದಾಗಲೂ ಅವರ ಮಾತಿಗೆ ಹೊಟ್ಟೆ ತುಂಬ ನಕ್ಕು, ಸರಿಯಾಗಿದೆ ಎಂದು ಕಳಿಸಿದ್ದಳು.

"ಕಂಡಕ್ಟ್ರೇ, ಹಳೇ ಅಳತೆ ನಡೆಯಲ್ಲ. ಹನ್ನೆರಡು ವರ್ಷದಲ್ಲಿ ನಿಮ್ಮ ಕಾಲು ಸಣ್ಣ ಆಗಿದೆ," ಎಂದಳು. ಅವರ ಮುಖ ಇಳಿದುಹೋಯಿತು. "ಆದ್ರೆ ಅಣ್ಣ ಹೊರಮಗ್ಗುಲ ಮೂಳೆ ಒತ್ತದ ಹಾಗೆ ಕೃತಕ ಕಾಲಿನ ಒಳಗೆ ಒಂದು ಹಳ್ಳ ತೆಗೆದಿದ್ದ. ನಾನು ತೆಗೆದಿರಲಿಲ್ಲ. ತಪ್ಪು ನಂದು."

ಶುಕ್ರವಾರ ಮಧ್ಯಾಹ್ನ ಹೊಸ ಕಾಲು ತೊಡಿಸಿದಳು. ಕಂಡಕ್ಟರು ಎರಡು ಹೆಜ್ಜೆ ಇಟ್ಟು, "ಟಿಕೆಟ್ ಇಲ್ಲದೆ ಯಾರೋ ಒಳಗೆ ಕೂತಂಗಿದೆ," ಎಂದರು. ಅವಳು ನಗದೆ ಬಿಚ್ಚಿಸಿ, ಅರದಿಂದ ಉಜ್ಜಿ ಮತ್ತೆ ತೊಡಿಸಿದಳು. ಮತ್ತೊಂದು ತಮಾಷೆ, ಮತ್ತಷ್ಟು ಅರ. ಐದನೆಯ ಸಲ ಅವರು ಬಾಗಿಲವರೆಗೆ ಹೋಗಿ, ಮೆಟ್ಟಿಲಿಳಿದು, ರಸ್ತೆಯಂಚಿನಲ್ಲಿ ಹೊಸ ಕಾಲೊಂದರ ಮೇಲೇ ಭಾರ ಹಾಕಿ ನಿಂತರು. ಒಂದು ಮಾತೂ ಆಡಲಿಲ್ಲ. ಸೋಮವಾರ ಬಸ್ಸು ಹತ್ತಿದರು.

ಆ ವಾರವೆಲ್ಲ ಪುಟ್ಟಿ ಉಳಿದ ಟೇಪುಗಳನ್ನು ಒಂದೊಂದಾಗಿ ಓದಿಸಿ ಹೊಸ ಕಂಪ್ಯೂಟರಿಗೆ ತುಂಬಿದಳು. ಶನಿವಾರ ಅಣ್ಣನಿಗೆ ಫೋನು ಮಾಡಿ, ಎರಡು ಟೇಪು ಮಾತ್ರ ಓದಿಸಿಕೊಳ್ಳುತ್ತಿಲ್ಲ ಎಂದಳು.

"ಕಿತ್ತಾಡಬೇಡ ಅವನ್ನ," ಎಂದ ಅಣ್ಣ. "ನಾಳೆ ಬರ್ತೀನಿ. ಹಾಸಿಗೆ ಬಿಸಿಲಿಗೆ ಹಾಕು."