ಸೀಸೆಯ ತಳದ ಗಸಿ

ಹೆಬ್ಬಗೋಡಿಯ ಬಾಡಿಗೆ ಕೋಣೆಗಳಲ್ಲಿ ಬೋರ್‌ವೆಲ್ ನೀರನ್ನು ಹಿಡಿದ ಕೂಡಲೇ ಯಾರೂ ಬಳಸುವುದಿಲ್ಲ. ಕೊಡವನ್ನು ಅಲುಗಾಡಿಸದೆ ಇಟ್ಟು, ಗಸಿ ಕೂತ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿ ಕಾಯಿಸುತ್ತಾರೆ. ಈ ಕೆಲಸದಲ್ಲಿ ಹನುಮವ್ವನನ್ನು ಮೀರಿಸುವವರು ವಠಾರದಲ್ಲೇ ಇರಲಿಲ್ಲ. ತೊಂದರೆ ಬಂದದ್ದೂ ಆ ಜಾಣತನದಿಂದಲೇ.

ಮೂರು ವರ್ಷದ ಮೊಮ್ಮಗಳು ಶೈಲಾಳಿಗೆ ಕಿವಿ ಸೋರಿ ಜ್ವರ ಬಂದಿತ್ತು. ಡಾಕ್ಟರು ಪುಡಿ ತುಂಬಿದ ಸೀಸೆ ಕೊಟ್ಟು, ಕಾಯಿಸಿ ಆರಿಸಿದ ನೀರನ್ನು ಸೀಸೆಯ ಮೇಲಿನ ಗುರುತಿನವರೆಗೆ ಬೆರೆಸಲು ಹೇಳಿದ್ದರು. ಸೊಸೆ ಸುಮಂಗಲಾ ಬೆರೆಸಿಟ್ಟು ಗಾರ್ಮೆಂಟ್ಸ್‌ಗೆ ಹೋದಳು. ಕುಡಿಸುವುದು ಅಜ್ಜಿಯ ಪಾಲಿಗೆ ಬಂತು. ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ಮಗು ಕಿವಿ ಹಿಡಿದುಕೊಂಡು ಅಳುವಾಗ ಹನುಮವ್ವ ಅದನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದಳು.

ಆಶಾ ಕಾರ್ಯಕರ್ತೆ ಶ್ಯಾಮಲಾ ಬಂದಾಗ ಅಜ್ಜಿ ಸಿಟ್ಟಿನಲ್ಲಿದ್ದಳು.

"ಇದು ಔಷಧ ಅಲ್ಲವ್ವಾ, ಬರೇ ನೀರು. ಇನ್ನ ಕುಡಿಸೂದಿಲ್ಲ ನಾ."

ಶ್ಯಾಮಲಾ ಸೀಸೆಯನ್ನು ಬೆಳಕಿಗೆ ಹಿಡಿದಳು. ಮೇಲೆ ತೆಳ್ಳನೆಯ ನೀರು, ತಳದಲ್ಲಿ ದಪ್ಪನೆಯ ಬಿಳಿ ಪದರ.

"ಅಜ್ಜಿ, ಅಲ್ಲಾಡಿಸಿ ಕುಡಿಸಿದ್ರಾ?"

"ಅಲ್ಲಾಡಿಸಿದ್ರ ಗಸಿ ಮ್ಯಾಲೆ ಬರ್ತೈತಿ. ಕೂಸಿಗೆ ಗಸಿ ಕುಡಿಸ್ತಾರೇನು? ತಿಳಿ ಅಷ್ಟ ಹಾಕೇನಿ."

"ಆ ಗಸೀಲೇ ಔಷಧಿ ಇರೋದು ಅಜ್ಜಿ."

ಹನುಮವ್ವ ನಂಬಲಿಲ್ಲ. ಶ್ಯಾಮಲಾ ಎರಡು ಲೋಟ ನೀರು ತೆಗೆದುಕೊಂಡಳು. ಒಂದಕ್ಕೆ ಸಕ್ಕರೆ ಹಾಕಿದಳು, ಇನ್ನೊಂದಕ್ಕೆ ಜೋಳದ ಹಿಟ್ಟು. ಎರಡನ್ನೂ ಕಲಕಿ ಬಿಟ್ಟಳು. ಅಜ್ಜಿ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಸಕ್ಕರೆ ಕಾಣದಾಯಿತು. ಹಿಟ್ಟು ಮೆಲ್ಲಗೆ ತಳಕ್ಕಿಳಿಯಿತು.

"ಸಕ್ಕರೆ ಕರಗಿಬಿಡ್ತು. ಮೇಲೆ ಕುಡಿದ್ರೂ ಕೆಳಗೆ ಕುಡಿದ್ರೂ ಒಂದೇ ಸಿಹಿ. ಇದು ದ್ರಾವಣ. ಹಿಟ್ಟು ಕರಗಲ್ಲ, ತೇಲುತ್ತೆ, ಆಮೇಲೆ ಕೂತ್ಕೊಳುತ್ತೆ. ಇದಕ್ಕೆ ನಿಲಂಬನ ಅಂತಾರೆ. ಈ ಔಷಧೀನೂ ಹಿಟ್ಟಿನ ಜಾತಿ."

ಅಜ್ಜಿ ಯಾರೂ ಹೇಳದೆ ಮೂರನೇ ಲೋಟಕ್ಕೆ ಎಣ್ಣೆ ಸುರಿದಳು. "ಇದು ಕೂಡೂದಿಲ್ಲ ಬಿಡು. ಆದ್ರ ನನ್ನ ಮಗ ಬಸಲಿಂಗ ಮಷಿನ್ನಿಗಿ ಹಾಕೋ ಎಣ್ಣಿ ನೀರಾಗ ಬೆರತು ಹಾಲಿನಂಗ ಆಗತೈತಂತ. ಅದ್ಹೆಂಗ?"

"ಅದ್ರಲ್ಲಿ ಸೋಪಿನಂಥದ್ದು ಸೇರಿಸಿರ್ತಾರೆ. ಅದು ಎಣ್ಣೇನ ಸಣ್ಣ ಹನಿ ಮಾಡಿ ಹಿಡಿದಿಡುತ್ತೆ. ಎಮಲ್ಷನ್ ಅಂತಾರೆ."

ಹನುಮವ್ವ ಮತ್ತೆ ಹಿಟ್ಟಿನ ಲೋಟ ನೋಡಿದಳು. ಅವಳ ದನಿ ಕುಗ್ಗಿತು. "ಹಂಗಾರ ಮೂರು ದಿನ ನನ್ನ ಕೂಸಿಗೆ ನೀರು ಕುಡಿಸೇನಿ."

"ಔಷಧಿ ಕಮ್ಮಿ ಹೋಗಿದೆ. ಈಗ ಸೀಸೇಲಿ ನೀರು ಕಮ್ಮಿ, ಔಷಧಿ ಜಾಸ್ತಿ ಉಳಿದಿದೆ, ಅಳತೆ ತಪ್ಪಿದೆ. ಇದನ್ನ ಕುಡಿಸೋದು ಬೇಡ. ಈಗ್ಲೇ ಡಾಕ್ಟರ ಹತ್ರ ಹೋಗಿ, ನಡೆದದ್ದನ್ನ ಹಂಗೇ ಹೇಳೋಣ."

ಡಾಕ್ಟರು ಮಗುವನ್ನು ನೋಡಿ ಹೊಸ ಸೀಸೆ ಕೊಟ್ಟರು. ಈ ಸಲ ಅಜ್ಜಿ ಪ್ರತಿ ಹೊತ್ತೂ ಮೊದಲು ಸೀಸೆ ಕುಲುಕಿದಳು. ಮೂರನೇ ದಿನ ಜ್ವರ ಬಿಟ್ಟಿತು. ಶೈಲಾ ರೊಟ್ಟಿ ಕೇಳಿದಳು. ಜ್ವರ ಹೋಯಿತೆಂದು ಔಷಧಿ ನಿಲ್ಲಿಸದೆ, ಹೇಳಿದಷ್ಟು ದಿನವೂ ಕುಡಿಸಿದರು.

ಈಗ ನಲ್ಲಿಯ ಮುಂದೆ ಹನುಮವ್ವನದು ಒಂದೇ ಮಾತು: "ನೀರಿನ್ಯಾಗ ಗಸಿ ಬಿಡ್ರಿ, ಔಷಧದಾಗ ಬಿಡಬ್ಯಾಡ್ರಿ."

ನಿಮ್ಮ ಮನೆಯ ಸೀಸೆಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅದರ ಮೇಲೆ ಅಲ್ಲಾಡಿಸಿ ಎಂದು ಬರೆದಿದೆಯೇ? ಓದಲು ಬಾರದಿದ್ದರೆ ಔಷಧಿ ಕೊಟ್ಟವರನ್ನು ಕೇಳಿ, ಸಂಕೋಚ ಬೇಡ. ಮಗುವಿಗೆ ಕುಡಿಸುವವರು ಯಾರೋ, ಅವರಿಗೂ ಇವತ್ತೇ ಹೇಳಿಬಿಡಿ.