ಕ್ಯಾಲೆಂಡರಿನಲ್ಲಿದ್ದ ನಡುಕ

ನಮ್ಮೂರಿಗೆ ಏನೇ ಬಂದರೂ ಅದರ ಹಿಂದೆಯೇ ಒಂದು ಫಾರಂ ಬರುತ್ತದೆ. ಸೊಳ್ಳೆಗೊಂದು, ಶೌಚಾಲಯಕ್ಕೊಂದು, ದನದ ಕಾಲುಬಾಯಿ ಜ್ವರಕ್ಕೊಂದು. ತುಂಬುವವಳು ಮಾತ್ರ ನಾನೊಬ್ಬಳೇ. ನಾನು ಕವನ, ಹೆಮ್ಮರಗಾಲದ ಕಡೆಯ ಒಂದು ಸಣ್ಣ ಊರಿನ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಹೋದ ವರ್ಷ ನಮ್ಮೂರಿನಲ್ಲಿ ನೆಲ ನಡುಗಿತು. ಅದಕ್ಕೂ ಫಾರಂ ಬಂತು.

ಊರಿನ ಪಡುವಲಿಗೆ ಕಲ್ಲು ತೆಗೆದು ಬಿಟ್ಟುಹೋದ ಆಳವಾದ ಕ್ವಾರಿ ಗುಂಡಿಯಿದೆ. ನಾಲೆಯಿಂದ ಪಂಪು ಹಾಕಿ ಅದಕ್ಕೆ ನೀರು ತುಂಬಿಸತೊಡಗಿದರು. ಬತ್ತಿದ್ದ ಬೋರುಗಳಲ್ಲಿ ನೀರು ಬಂತು, ಎಲ್ಲರಿಗೂ ಖುಷಿಯಾಯಿತು. ಎರಡು ತಿಂಗಳಾದ ಮೇಲೆ ಅಡುಗೆಮನೆಯ ಪಾತ್ರೆಗಳು ತಾವಾಗಿಯೇ ಗಿಲಗಿಲ ಅನ್ನತೊಡಗಿದವು. ಮೋಡವೇ ಇಲ್ಲದ ದಿನ ಗುಡುಗಿದಂತೆ ಸದ್ದಾಗುತ್ತಿತ್ತು.

ನಮ್ಮೂರಿನವಳೇ ಆದ ಮಧುಶ್ರೀ ಮೈಸೂರಿನಲ್ಲಿ ಭೂವಿಜ್ಞಾನ ಓದುತ್ತಾಳೆ. ಅವಳು ನಡುಕ ಅಳೆಯುವ ಡಬ್ಬಿಯೊಂದನ್ನು ತಂದು ಊರಿನ ಮೂಡಲಿಗಿರುವ ಸ್ಕೂಲಿನಲ್ಲಿ ಇಟ್ಟಳು. ಒಂದೇ ಡಬ್ಬಿ ಸಾಲದು, ನಡುಕ ಯಾವ ದಿಕ್ಕಿನಿಂದ ಬರುತ್ತದೆಂದು ಊರಿನವರೇ ತೋರಿಸಬೇಕು ಅಂದಳು. ಪ್ರತಿ ಮನೆಯವರೂ ಯಾವತ್ತು, ಎಷ್ಟು ಹೊತ್ತಿಗೆ, ಏನೇನು ಅಲ್ಲಾಡಿತು ಎಂದು ನನ್ನ ಫಾರಂನಲ್ಲಿ ಬರೆಸಬೇಕಿತ್ತು.

ಸಂಜೆ ಊರಿನವರು ಅರಳಿಕಟ್ಟೆಯಲ್ಲಿ ಸೇರಿದರು. ಒಬ್ಬರಿಗೆ ನಡುಕ ಜೋರು, ಇನ್ನೊಬ್ಬರಿಗೆ ಗೊತ್ತೇ ಆಗಿಲ್ಲ. ಜಗಳವೇ ಆಗುವಂತಾಯಿತು. ನಮ್ಮಲ್ಲಿ ಯಾವ ನ್ಯಾಯವಾದರೂ ಒಂದೇ ಮಾತಿಗೆ ಬಂದ ಮೇಲೆ ಏಳುವುದು ಪದ್ಧತಿ. ಯಜಮಾನ ಹುಚ್ಚಯ್ಯನವರು ಅದನ್ನೇ ಮಾಡಿದರು.

"ಒಬ್ಬೊಬ್ರು ಒಂದೊಂದ್ ಯೋಳುದ್ರೆ ಊರ್ ಮರ್ವಾದಿ ಏನಾಗ್ಬೇಕು? ಎಲ್ರುದೂ ಒಂದೇ ಮಾತಾಗ್ಲಿ. ಪಾತ್ರೆ ಬಿದ್ವು, ಗ್ವಾಡೆ ಬಿರೀತು ಅಂತ ಬರ್ಕೊ ಕವ್ನ."

ನನಗೂ ಸಾಕಾಗಿತ್ತು. ನಲವತ್ತೆರಡು ಮನೆಯ ಬಾಗಿಲು ಬಡಿಯುವುದು ತಪ್ಪಿತಲ್ಲ ಎಂದು ಕೂತಲ್ಲೇ ನಲವತ್ತೊಂದು ಫಾರಂ ಒಂದೇ ಸಮ ತುಂಬಿದೆ.

ಉಳಿದದ್ದು ಕಟ್ಟೆಗೆ ಬಾರದ ಪುಟ್ಟಬಸವಯ್ಯನವರ ಮನೆ. ಅದು ಕ್ವಾರಿಯ ದಡದಲ್ಲೇ ಇರುವ ಒಂಟಿ ಮನೆ. ಅವರು ಒಂದು ಲೋಟವೂ ಅಲ್ಲಾಡಿಲ್ಲ ಎಂದು ಬರೆಸಿದರು. ಆರು ವರ್ಷದ ಮೇಲೆ ಅವರ ಬೋರಿನಲ್ಲಿ ನೀರು ಬಂದಿತ್ತು. ನಡುಕ ಎಂದರೆ ಪಂಪು ನಿಲ್ಲಿಸುತ್ತಾರೆಂಬ ಹೆದರಿಕೆ. ಹೆಂಡತಿ ಚನ್ನಬಸಮ್ಮ ಬಾಗಿಲಲ್ಲಿ ನಿಂತು ಸುಮ್ಮನೆ ನನ್ನನ್ನೇ ನೋಡಿದರು. ಅವರ ಹಿಂದೆ ಗೋಡೆ ಬಿರಿದದ್ದು ನನಗೆ ಕಾಣುತ್ತಿತ್ತು. ಆದರೂ 'ಇಲ್ಲ' ಎಂದು ಬರೆದು ಮನೆಗೆ ಬಂದೆ.

ಮಧುಶ್ರೀ ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು. ಕ್ವಾರಿಯ ಬಳಿ ನಡುಕವೇ ಇಲ್ಲ, ಸ್ಕೂಲಿನ ಕಡೆ ಜೋರು ಎಂದಾಯಿತು. ಹಾಗಾಗಿ ನೆಲದೊಳಗಿನ ಬಿರುಕು ಮೂಡಲಲ್ಲಿದೆ ಎಂದು ಲೆಕ್ಕ ಬಂತು. ಆ ಕಡೆಯ ಮನೆಗಳಲ್ಲಿ ಅಟ್ಟದ ಭಾರ ಇಳಿಸಿದರು. ಪುಟ್ಟಬಸವಯ್ಯನವರ ಮನೆಗೆ ಯಾರೂ ಏನೂ ಹೇಳಲಿಲ್ಲ. ಪಂಪು ಓಡುತ್ತಲೇ ಇತ್ತು.

ಒಂದು ಬೆಳಿಗ್ಗೆ ಚನ್ನಬಸಮ್ಮ ಹಸುವಿಗೆ ಬೂಸಾ ತೆಗೆಯಲು ಅಟ್ಟದ ಕೆಳಗೆ ಬಗ್ಗಿದ್ದಾಗ ನೆಲ ನಡುಗಿತು. ಮೇಲಿದ್ದ ತಾಮ್ರದ ಹಂಡೆ ಬಿತ್ತು. ಬಲಗೈ ಎರಡು ಕಡೆ ಮುರಿಯಿತು. ಒಂದು ಗೇಣು ಆಚೆ ಬಿದ್ದಿದ್ದರೆ ತಲೆಯೇ ಹೋಗುತ್ತಿತ್ತು.

ಆಸ್ಪತ್ರೆಯಿಂದ ಬಂದ ವಾರಕ್ಕೆ ಮಧುಶ್ರೀಯೂ ನಾನೂ ಅವರ ಮನೆಗೆ ಹೋದೆವು. ನನಗೆ ತಲೆ ಎತ್ತಲಾಗಲಿಲ್ಲ. ಪುಟ್ಟಬಸವಯ್ಯನವರಿಗೆ ನೋವು, ಅದಕ್ಕಿಂತ ಹೆಚ್ಚು ಕೋಪ.

"ಭೂಮ್ತಾಯಿ ಒಟ್ಟೇಲಿರಾದು ನಿನ್ ಕಂಪ್ಯೂಟ್ರಿಗೆ ಏನವ್ವ ಗೊತ್ತು?" ಅಂದರು.

ಮಧುಶ್ರೀ ಕೋಪ ಮಾಡಿಕೊಳ್ಳಲಿಲ್ಲ. "ಮಳೇಗಾಲ್ದಲ್ಲಿ ಬಾಗ್ಲು ಕಚ್ಕೊಂಡಿರ್ತದಲ್ಲ ದೊಡ್ಡಪ್ಪ. ಎಷ್ಟ್ ನೂಕುದ್ರೂ ಬರಲ್ಲ, ಆಮೇಲೆ ದಡಕ್ಕನೆ ಬತ್ತದೆ. ನೆಲದ ಬಿರುಕೂ ಅಂಗೇ ಕಚ್ಕೊಂಡದೆ. ನೀರು ಒಳಕ್ಕಿಳುದ್ರೆ ಆ ಬಿಗಿ ಸಡ್ಲ ಆಯ್ತದೆ, ಬಂಡೆ ಜಾರ್ತದೆ."

ಆ ಬಿರುಕನ್ನು ಕಂಪ್ಯೂಟರಿನಲ್ಲಿ ಗದ್ದೆಯ ಮಡಿಗಳಂತೆ ಚೌಕ ಚೌಕ ಮಾಡುತ್ತಾರಂತೆ. ಒಂದೊಂದು ಚೌಕದಲ್ಲೂ ಬಿಗಿಯೆಷ್ಟು, ನೀರಿನ ಒತ್ತಡವೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಒಂದು ಜಾರಿದರೆ ಅದರ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ. ಅದು ತಡೆಯುತ್ತದೋ, ಜಾರುತ್ತದೋ ಎಂದು ಮತ್ತೆ ಲೆಕ್ಕ. ನಡುಕ ಯಾವ ದಿನ ಬರುತ್ತದೆಂದು ಹೇಳಲು ಇದರಿಂದ ಆಗದು. ನೀರನ್ನು ಎಷ್ಟು ನಿಧಾನವಾಗಿ ತುಂಬಿದರೆ ಅಪಾಯ ಕಡಿಮೆ ಎಂದು ಅಂದಾಜು ಸಿಗುತ್ತದೆ. ಆದರೆ ನಾವು ಸುಳ್ಳು ಕೊಟ್ಟರೆ ಅದೂ ಸುಳ್ಳನ್ನೇ ಕೊಡುತ್ತದೆ.

ಆಗ ಚನ್ನಬಸಮ್ಮ ಎಡಗೈಯಲ್ಲಿ ಗೋಡೆ ತೋರಿಸಿದರು. "ಆ ಕ್ಯಾಲೆಂಡ್ರು ತಗಿ ಮಗ."

ಗ್ಯಾಸ್ ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು ಎಲ್ಲರ ಮನೆಯಲ್ಲೂ ಇದೆ. ಇಲ್ಲಿ ತಿಂಗಳಿಗೆ ಏಳೆಂಟು ಗುರುತು. ಪಕ್ಕದಲ್ಲಿ ಸಣ್ಣಗೆ, ಹಾಲು ಹಾಕಲು ಹೋಗುವ ಹೊತ್ತಿನ ಲೆಕ್ಕದಲ್ಲಿ, 'ಡೈರಿಗೆ ಮುಂಚೆ', 'ಡೈರಿಯಿಂದ ಬಂದ ಮೇಲೆ' ಎಂದಿತ್ತು. ಜೋರಾದದ್ದಕ್ಕೆ ಸುತ್ತ ಕುಂಕುಮದ ಗೆರೆ. ಒಟ್ಟು ಮೂವತ್ತೊಂದು ನಡುಕ. ಡಬ್ಬಿ ಬರುವುದಕ್ಕೂ ಮುಂಚಿನವು ಅದರಲ್ಲಿದ್ದವು.

ಪುಟ್ಟಬಸವಯ್ಯನವರು ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ನೋಡಿದರು. "ಗ್ಯಾಸಿಂದು ಅಂದ್ಕಂಡಿದ್ದೆ. ಯಾಕೆ ಯೋಳ್ನಿಲ್ಲ ನೀನು?"

"ನೀವು ಇಲ್ಲ ಅಂದ್ಮೇಲೆ ನಾನ್ ಅವ್ದು ಅನ್ನಾದೆಂಗೆ? ಅದ್ಕೇ ಬರ್ದು ಮಡಗ್ದೆ."

ಅವರು ಎದ್ದು ಹೋಗಿ ಅಟ್ಟದ ಮೇಲೆ ಉಳಿದಿದ್ದ ಸಾಮಾನನ್ನೆಲ್ಲ ಒಬ್ಬರೇ ಇಳಿಸತೊಡಗಿದರು.

ನಾನು ಮತ್ತೆ ಮನೆ ಮನೆ ಸುತ್ತಿದೆ. ಈ ಸಲ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿದೆ. ಪಾತ್ರೆ ಬಿದ್ದದ್ದು ಐದೇ ಮನೆಯಲ್ಲಿ, ಐದೂ ಪಡುವಲ ಕಡೆಯವು. ಹೊಸ ಲೆಕ್ಕದಲ್ಲಿ ಬಿರುಕು ಕ್ವಾರಿಯಿಂದ ಪುಟ್ಟಬಸವಯ್ಯನವರ ಮನೆಯ ಕಡೆಗೇ ಬಂತು. ಈಗ ಪಂಪು ಒಂದು ವಾರ ಓಡಿಸಿ ಮೂರು ವಾರ ನಿಲ್ಲಿಸುತ್ತಾರೆ. ಬೋರಿನಲ್ಲಿ ನೀರು ಕಡಿಮೆ, ಪುಟ್ಟಬಸವಯ್ಯನವರು ಈ ಬೇಸಿಗೆಗೆ ಅರ್ಧ ಹೊಲ ಬೀಳು ಬಿಟ್ಟರು. ನಡುಕ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಬಂದಾಗ ಮೊದಲ ಫೋನು ಅವರದೇ.

"ಕವ್ನ, ಏಳೂ ಇಪ್ಪತ್ತು. ಬಾಗ್ಲು ಅಲ್ಲಾಡ್ತು, ಲೋಟ ಬೀಳ್ನಿಲ್ಲ. ಇದ್ದುದ್ದ್ ಇದ್ದಂಗೇ ಬರ್ಕೊ."

ಚನ್ನಬಸಮ್ಮನ ಬಲಗೈ ಇನ್ನೂ ತಲೆಯವರೆಗೆ ಏಳುವುದಿಲ್ಲ. ಭಾನುವಾರ ನಾನು ಹೋಗಿ ಅವರಿಗೆ ತಲೆ ಬಾಚುತ್ತೇನೆ. ಅವರು ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಫಾರಂ ಕಂಡರೆ ಸಾಕಾಗಿರುತ್ತದೆ, ನನಗೆ ಗೊತ್ತು. ಆದರೂ ನಿಮ್ಮ ಊರಿನಲ್ಲಿ ನೆಲ ನಡುಗಿದರೆ ಗಡಿಯಾರ ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಟ್ಟದ ಭಾರ ಇವತ್ತೇ ಇಳಿಸಿ. ಕೇಳಲು ಬಂದವರಿಗೆ ಕಟ್ಟೆಯ ಮಾತು ಹೇಳಬೇಡಿ, ನಿಮ್ಮ ಮನೆಯ ಮಾತು ಹೇಳಿ. ಬಾಗಿಲಲ್ಲಿ ಸುಮ್ಮನೆ ನಿಂತ ಹೆಂಗಸನ್ನು ಒಂದು ಸಲ ಕೇಳಿ. ನಾನು ಕೇಳಲಿಲ್ಲ.